ತೊಳೆದ ಬೇರು

ನಾನು ತು ಲಾನ್‌ಯಿಂಗ್, ದಿವಂಗತ ವಾನ್ ಶುಯಿಗೆನ್ ಅವರ ಹೆಂಡತಿ, ವಯಸ್ಸು 46, ಕಸುಬು ಭತ್ತದ ಬೇಸಾಯ, ವಾಸ ಜಿಯಾಂಗ್‌ಶಿ ಪ್ರಾಂತ್ಯದ ಹೊಂಗ್‌ಪೋ ಹಳ್ಳಿ. ಠಾಣೆಗೆ ಕರೆಸಿ ಕೇಳಿದ್ದರಿಂದ ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಗಂಡನ ಅಣ್ಣ ವಾನ್ ಹ್ವೊಗೆನ್ ಅವರನ್ನು ನಾನು ಗೊಬ್ಬರದ ಬಗ್ಗಡದ ತೊಟ್ಟಿಗೆ ತಳ್ಳಿದ್ದು ನಿಜ. ಕಾಲು ಜಾರಿ ಬಿದ್ದರೆಂದು ಬರೆದುಕೊಳ್ಳುವುದು ಬೇಡ.

ನಮ್ಮ ಗದ್ದೆ ಗುಡ್ಡದ ಬುಡದ ಕೆಮ್ಮಣ್ಣಿನದು. ಗಂಡ ತೀರಿಕೊಂಡ ಮೇಲೆ ಎರಡು ಬೆಳೆ ಬುಡದಲ್ಲಿ ಮರಿತೆಂಡೆ ಒಡೆಯದೆ ಮುರುಟಿತು. ಈ ಬೆಳೆಯೂ ಹಾಗೇ ಆದರೆ ಗದ್ದೆಯನ್ನು ಭಾವನಿಗೆ ಬಿಟ್ಟುಕೊಡಬೇಕೆಂದು ಕುಲದ ಹಿರಿಯರು ತೀರ್ಮಾನಿಸಿದ್ದಾರೆ. ಕೆಮ್ಮಣ್ಣು ಮಹಾ ಜಿಪುಣ. ರಂಜಕದ ಗೊಬ್ಬರ ಎರಚಿದರೆ ತಾನೇ ಹಿಡಿದಿಟ್ಟುಕೊಳ್ಳುತ್ತದೆ, ಪೈರಿಗೆ ಬಿಡುವುದಿಲ್ಲ. ಆದ್ದರಿಂದ ನನ್ನ ತವರಿನ ಕಡೆ ಆ ಪುಡಿಯನ್ನು ಕೊಳೆತ ಸಗಣಿ, ನುಣ್ಣನೆ ಕೆಸರಿನ ಜೊತೆ ಕಲಸಿ, ಸಸಿಯ ಬೇರನ್ನು ಅದರಲ್ಲಿ ಅದ್ದಿ ನಾಟಿ ಮಾಡುತ್ತಾರೆ. ಈ ಸಲ ನಾನೂ ಬದುವಿನ ಪಕ್ಕದ ತೊಟ್ಟಿಯಲ್ಲಿ ಆ ಬಗ್ಗಡ ಕಲಸಿ ಹಾಗೇ ಮಾಡಿದೆ.

ನಿನ್ನೆ ಬೆಳಿಗ್ಗೆ ಸುಮಾರು 7 ಗಂಟೆಗೆ ಅದ್ದಿದ ಸಸಿಯ ಕಟ್ಟುಗಳನ್ನು ಬದುವಿನ ಮೇಲಿಟ್ಟು, ಎಮ್ಮೆ ಹೊಡೆದುಕೊಂಡು ಬರಲು ಮನೆಗೆ ಹೋದೆ. ಮರಳಿ ಬಂದಾಗ ಭಾವ ಪಕ್ಕದ ಕಾಲುವೆಯಲ್ಲಿ ಕುಕ್ಕುರುಗಾಲಿನಲ್ಲಿ ಕೂತು ಒಂದೊಂದೇ ಕಟ್ಟಿನ ಬೇರು ತೊಳೆಯುತ್ತಿದ್ದರು. ಬೇರು ಬೆಳ್ಳಗಾಗಿತ್ತು.

ಏನ್ ಮಾಡ್ತಿದೀರಿ ಭಾವ ಎಂದು ಕೇಳಿದೆ. ಗಲೀಜು ಮೆತ್ಕೊಂಡಿತ್ತಲ್ಲಮ್ಮ, ತೊಳ್ದೆ, ಕೆರೆ ಬಯಲಿನ ನನ್ ಗದ್ದೆಗೆ ಬರೀ ಬೇರು ನೆಟ್ರೂ ಸೊಂಟದೆತ್ತರ ಬರುತ್ತೆ, ನಿಂಗೆ ಬೇಸಾಯ ಬರಲ್ಲ, ಸುಮ್ನೆ ಬಿಟ್ಕೊಡು ಎಂದರು. ನಿಮ್ ಮಣ್ಣೇ ಬೇರೆ, ನನ್ ಮಣ್ಣೇ ಬೇರೆ ಎಂದೆ. ಅವರು ಬದುವಿಗೆ ಹತ್ತಿ ತೊಟ್ಟಿಯ ಪಕ್ಕ ನಿಂತು, ಮಣ್ಣಲ್ಲ ಕಣೇ, ನಿನ್ ಕೈಗುಣ ಕೆಟ್ಟದ್ದು, ನನ್ ತಮ್ಮನೂ ಬಾಳ್ಲಿಲ್ಲ, ಪೈರೂ ಬಾಳಲ್ಲ ಎಂದು ನಕ್ಕರು. ಆಗ ತಳ್ಳಿದೆ. ಸೊಂಟದವರೆಗೆ ಮುಳುಗಿದರು. ಗಾಯವೇನೂ ಆಗಿಲ್ಲ.

ಅವರು ಬೈಯುತ್ತ ಎದ್ದು ಹೋದ ಮೇಲೆ ಉಳಿದ ಬಗ್ಗಡದಲ್ಲೇ ಸಸಿಗಳನ್ನು ಮತ್ತೆ ಅದ್ದಿ, ಕತ್ತಲಾಗುವಷ್ಟರಲ್ಲಿ ಇಡೀ ಗದ್ದೆ ನೆಟ್ಟಿದ್ದೇನೆ. ಒಬ್ಬಳೇ ನೆಟ್ಟಿದ್ದೇನೆ. ಇದನ್ನೂ ಬರೆದುಕೊಳ್ಳಬೇಕು.

ಅವ್ರು ಹಿರೀಕರಮ್ಮ, ಒಂದು ಬಟ್ಟಲು ಚಹಾ ಕೊಟ್ಟು ತಪ್ಪಾಯ್ತು ಅಂದ್ಬಿಡು ಎಂದು ಇದನ್ನು ಬರೆದುಕೊಳ್ಳುತ್ತಿರುವ ತಾವು ಹೇಳಿದಿರಿ. ಚಹಾ ಕೊಡುವುದಿಲ್ಲ. ಭಾವ ಕೊಯ್ಲಿಗೆ ಬಂದರೆ ಹೊಟ್ಟೆತುಂಬ ಊಟ ಹಾಕಿ ಕೂಲಿ ಕೊಡುತ್ತೇನೆ. ಯಜಮಾನಿಕೆಗೆ ಬಂದರೆ ಇನ್ನೊಮ್ಮೆ ತಳ್ಳುತ್ತೇನೆ.

ಬರೆದದ್ದನ್ನು ಓದಿಸಿ ಕೇಳಿದ್ದೇನೆ. ಎಲ್ಲವೂ ನಾನು ಹೇಳಿದ್ದೇ, ಎಲ್ಲವೂ ನಿಜ. ಒಂದಕ್ಷರವನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಸ್ಥಳ: ಹೊಂಗ್‌ಪೋ ಠಾಣೆ
ದಿನಾಂಕ: 26-4-1987
ತು ಲಾನ್‌ಯಿಂಗ್, ಎಡ ಹೆಬ್ಬೆಟ್ಟಿನ ಗುರುತು