ಕೆರೆಯ ದಂಡೆಗೆ ಇಬ್ಬರು

ಗಡಹಿಂಗ್ಲಜದ ಎಸ್‌ಟಿ ಬಸ್ ಸ್ಟ್ಯಾಂಡಿನಲ್ಲಿ ಚಂದಗಡದ ಗಾಡಿಗೆ ಕಾಯುತ್ತಿದ್ದ ಇಂದುಬಾಯಿಗೆ, ಪಕ್ಕದಲ್ಲಿ ಕುಳಿತ ಮುದುಕನದೂ ಅವನ ಅಕ್ಕನದೂ ಮಾತು ಕೇಳಿಸಿತು.

“ಕಚೇರ್ಯಾಗ ಸಾಹೇಬ್ರು ಏನಂದ್ರೋ, ದುಂಡಪ್ಪ?”

“ಕೆರಿ ದಂಡಿ ಜವಳು ನೆಲ, ಮನಿ ಕಟ್ಟಾಕ ಕಾಯ್ದೆ ಸಡಲ ಮಾಡಾಕ ಬರೂದಿಲ್ಲಂದ್ರು.”

“ನಂದs ಹೊಲ ಅನ್ನಬೇಕಿಲ್ಲೊ?”

“ಅಂದೆ, ಅಕ್ಕ. ಎಷ್ಟು ಮಂದಿ ಇರತೀರಿ ಅಂತ ಕೇಳಿದ್ರು. ಇಬ್ಬರು ಅಂದೆ.”

“ಇಬ್ಬರೆಲ್ಲಿಂದ ಬಂದ್ರೋ? ನಿನ್ನ ಹೇಂತಿ ಹೋಗಿ ವರ್ಷಾತು.”

“ಎಲ್ಲಿಗೆ ಹೋಗ್ಯಾಳ? ಅದs ಹೊಲದಾಗ ಮಣ್ಣು ಕೊಟ್ಟೇವಲ್ಲ.”

“ಶಿವನ ಪಾದ ಸೇರ್ಯಾಳಪ್ಪ. ನೀ ನಮ್ಮ ಮನ್ಯಾಗ ಬಂದಿರು.”

“ಬರತಿದ್ದೆ. ಕಪ್ಪಿ ಒದರಿದ್ರ ಅಕಿ ಭಾಳ ಅಂಜತಾಳ.”

ಅವರ ಗಾಡಿ ಮೊದಲು ಬಂತು. ಅಕ್ಕ ಕೈಹಿಡಿದು ಹತ್ತಿಸುವಾಗ ಮುದುಕ ಅಂದ:

“ಕೆರಿ ಹಂತ್ಯಾಕ ನನ್ನ ಇಳಸು. ಮನಿ ಬ್ಯಾಡಂದಾರ, ಅಕಿ ಬಾಜೂಕ ಕುಂಡ್ರಬ್ಯಾಡಂದಿಲ್ಲ.”