ಹೆಸರು ಕಿತ್ತ ಸೀಸೆ

ಇದೊಂದನ್ನ ಪೂರ್ತಿ ಕೇಳಿಬಿಡಿ. ಆರು ತಿಂಗಳ ಬಸುರಿ, ಕನ್ನಡದ ಹುಡುಗಿ ವರ್ಷಿಣಿ, ಕೋಲ್ಕತ್ತದ ಲೇಕ್ ಮಾರ್ಕೆಟಲ್ಲಿ ಸೆಕ್ಟರ್ ಫೈವ್ ಬಸ್ಸಿಗೆ ಕಾಯ್ತಿದ್ಳು. ಹಿಂದೆ ಅಕ್ಕ ತಮ್ಮ, ಯಾರಿಗೂ ಅರ್ಥವಾಗಲ್ಲ ಅಂದ್ಕೊಂಡು ಕನ್ನಡದಲ್ಲಿ ಮಾತಾಡ್ತಿದ್ರು.

“ಟೆಸ್ಟಿಗೆ ಬರೋದು ಬಸುರಿಯರ ರಕ್ತ, ಅಕ್ಕಾ. ಎಚ್‌ಐವಿ ಎಷ್ಟು ಹಬ್ಬಿದೆ ಅಂತ ನೋಡೋ ಸರ್ವೆ. ನಮ್ಮ ಲ್ಯಾಬಿಗೆ ಸೀಸೆ ಮೇಲಿನ ಹೆಸರು ಕಿತ್ತು ಕಳಿಸ್ತಾರೆ.”

“ಅದಕ್ಯಾಕೆ ಮುಖ ಹಿಂಗೆ?”

“ಒಂದು ಸೀಸೇಲಿ ಪಾಸಿಟಿವ್ ಬಂದಿದೆ. ವಯಸ್ಸು ಇಪ್ಪತ್ತಾರು, ಚೊಚ್ಚಲು. ಗೊತ್ತಿರೋದು ಅಷ್ಟೇ.”

“ಮಾತ್ರೆ ತಗೊಂಡ್ರೆ ಮಗುವಿಗೆ ಅಂಟದಂಗೆ ತಡೀಬಹುದು ಅಂತಿದ್ಯಲ್ಲೋ. ಹುಡುಕು.”

“ಹುಡುಕಬಾರದು ಅಂತಲೇ ರೂಲ್ಸು. ಯಾವ ಬಸುರಿ ಕಂಡ್ರೂ ಇವಳೇನಾ ಅನ್ಸತ್ತೆ. ಈಗ ಮುಂದೆ ನಿಂತಿದಾಳಲ್ಲ, ಇವಳನ್ನ ನೋಡಿದ್ರೂ.”

ವರ್ಷಿಣಿಗೆ ಇಪ್ಪತ್ತಾರು. ಚೊಚ್ಚಲು. ಹೋದ ತಿಂಗಳು ಸರ್ಕಾರಿ ಆಸ್ಪತ್ರೇಲಿ ತಪಾಸಣೆಗೆ ರಕ್ತ ಕೊಟ್ಟಿದ್ಳು.

ಅವರ ಬಸ್ ಬಂತು, ಹತ್ತಿದ್ರು. ನೀವಾಗಿದ್ರೆ, ಯಾವ ಆಸ್ಪತ್ರೆ ಅಂತ ಕನ್ನಡದಲ್ಲೇ ಕೂಗಿ ಕೇಳ್ತಿದ್ರಾ?