ಹಿಂಗತ್ತಿನ ಕೂದಲು

ಕ್ಷೌರಿಕನೊಬ್ಬ ಬೆಳಗಿನ ಜಾವ ತೀರಿಕೊಂಡನೆಂಬ ಸುದ್ದಿ ಆಸ್ಪತ್ರೆಯ ಮೊಗಸಾಲೆಗೂ ಬಂದಿತ್ತು. ತಮ್ಮ ಹೆಂಡತಿ ತೀರಿಹೋದ ಮೇಲೆ ಔಷಧಿಗೆ ಒಬ್ಬರೇ ಬರುತ್ತಿದ್ದ ಮುದುಕರೊಬ್ಬರು ಬೆಂಚಿನ ತುದಿಯಲ್ಲಿ ಕುಳಿತಿದ್ದರು. ಸತ್ತವನ ಹೆಂಡತಿಯೂ ತಮ್ಮನೂ ಪಕ್ಕದಲ್ಲೇ ನಿಂತು ಆಡಿದ ಮಾತು ಬೇಡವೆಂದರೂ ಅವರ ಕಿವಿಗೆ ಬಿತ್ತು.

“ಅಂಗಡಿ ಬಾಗಿಲು ಹಾಕಿ ಹಾಗೇ ಬಂದೆ, ಅತ್ತಿಗೆ. ಕತ್ತರಿ ಕೂಡ ಜೇಬಲ್ಲೇ ಇದೆ.”

“ಎದುರು ಅಂಗಡಿಯಿಂದ ಬರೋಕೆ ಇಷ್ಟು ವರ್ಷ ಬೇಕಾಯ್ತಾ?”

“ಅಪ್ಪನ ಅಂಗಡಿಯಿಂದ ನನ್ನನ್ನ ಹೊರಗೆ ಹಾಕಿದ್ದು ಅವನೇ ತಾನೆ?”

“ಹೌದು. ಅದಕ್ಕೆ ನೀನು ಎದುರಿಗೇ ಅಂಗಡಿ ಇಟ್ಟು, ಬಂದೋರಿಗೆಲ್ಲ ನಿಮ್ಮಣ್ಣನ ಕತ್ತು ತೋರಿಸಿ ನಗ್ತಿದ್ದೆ.”

“ಎರಡು ಕನ್ನಡಿ ಇಟ್ಕೊಂಡು ತನ್ನ ಹಿಂಗತ್ತು ತಾನೇ ಕತ್ತರಿಸ್ಕೋತಿದ್ದ. ಇಲಿ ಕಡಿದ ಹಾಗಿರ್ತಿತ್ತು. ಊರಲ್ಲಿ ಬೇರೆ ಕ್ಷೌರದಂಗಡಿ ಇರ್ಲಿಲ್ವಾ?”

“ನಾನೂ ಕೇಳ್ದೆ. ‘ಚಿಕ್ಕಂದಿನಿಂದ ಅಲ್ಲಿ ಕತ್ತರಿ ಆಡಿಸಿದೋನು ತಮ್ಮ ಒಬ್ಬನೇ. ಅವನು ಬರೋವರೆಗೂ ಹೀಗೇ ಇರ್ಲಿ’ ಅಂದ್ರು.”



“ಒಂದು ಮಾತು ಹೇಳಿ ಕಳಿಸಬಾರದಿತ್ತಾ?”

“ನಿಮ್ಮ ಮನೆ ಹಟ ನಿನಗೆ ಗೊತ್ತಿಲ್ವೇನಪ್ಪ?”

“ಈಗ ಅಂಗಾತ ಮಲಗಿದಾನೆ, ಅತ್ತಿಗೆ. ಹಿಂಗತ್ತು ಕೈಗೆ ಸಿಗಲ್ಲ.”

“ನಾನು ತಲೆ ಎತ್ತಿ ಹಿಡ್ಕೋತೀನಿ. ನಡಿ.”

ತಮ್ಮ ಜೇಬಿನಿಂದ ಕತ್ತರಿ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡ. ಇಬ್ಬರೂ ಒಳಗೆ ಹೋದರು. ಮೊಗಸಾಲೆಯಲ್ಲಿ ಮುದುಕರು ಮತ್ತೆ ಒಬ್ಬರೇ ಆದರು. ಅವರು ಕಣ್ಣು ಮುಚ್ಚಿ ಕೈಜೋಡಿಸಿದರು: “ದೇವರೇ, ಕಾದು ಕಾದು ದಣಿದ ಜೀವ ಅದು. ಇನ್ನಾದರೂ ಅದಕ್ಕೆ ಶಾಂತಿ ಕೊಡು.”